ಹತ್ತು ಕೆಂಪು ಬಟ್ಟೆ

ನಮ್ಮ ಗ್ಯಾರೇಜಿನಲ್ಲಿ ನನ್ನ ಭಾವನಿಗೆ ಗಣತಿ ಎಂದೇ ಹೆಸರು. ಎದುರಿಗೆ ಗಣತಿ ಮಾಮ, ಬೆನ್ನ ಹಿಂದೆ ಬರೀ ಗಣತಿ. ಹೆಸರಿಟ್ಟವನು ನಾನೇ. ಅಕ್ಕನ ಗಂಡ, ನನಗಿಂತ ಹನ್ನೆರಡು ವರ್ಷ ದೊಡ್ಡವರು, ನನ್ನ ಕೈಗೆ ಮೊದಲ ಸ್ಪ್ಯಾನರ್ ಕೊಟ್ಟವರು. ಅಂಥವರಿಗೆ ಅಡ್ಡಹೆಸರಿಟ್ಟು, ಅದು ಬಿಡಿಭಾಗದ ಅಂಗಡಿಯವರ ಬಾಯಲ್ಲೂ ಬಂದಾಗ ಮೀಸೆ ತಿರುವಿದ ಮಹಾನುಭಾವ ನಾನು. ಅವರ ವಿಷಯ ಬರೆಯಲು ಕೂತರೆ ನನ್ನ ಮಾನ ಹರಾಜಾಗುತ್ತದೆ ಎಂದು ಗೊತ್ತು. ಆಗಲಿ, ಬರೆಯುತ್ತೇನೆ.

ಭಾವ ಎಣಿಸುತ್ತಾರೆ. ಎಂಜಿನ್ನಿನಿಂದ ಬಿಚ್ಚಿದ ಬೋಲ್ಟುಗಳನ್ನು ಅಯಸ್ಕಾಂತದ ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ ಎಣಿಸುತ್ತಾರೆ, ವಾಪಸ್ ಹಾಕುವಾಗ ಇನ್ನೊಮ್ಮೆ ಎಣಿಸುತ್ತಾರೆ. ಹತ್ತಿದ ಮೆಟ್ಟಿಲು, ಬಸ್ಸಿನ ಸೀಟು, ಒಣಹಾಕಿದ ಬಟ್ಟೆಯ ಕ್ಲಿಪ್ಪು, ಯಾವುದನ್ನೂ ಬಿಡುವುದಿಲ್ಲ. ತಮ್ಮ ಮದುವೆಯ ದಿನ ವರನಾಗಿ ಕೂತ ಜಾಗದಿಂದಲೇ ಕುರ್ಚಿಗಳನ್ನು ಎಣಿಸಿ, ನಮ್ಮಪ್ಪನನ್ನು ಹತ್ತಿರ ಕರೆದು, "ಮುನ್ನೂರು ಕುರ್ಚಿ ಅಂದಿದ್ರಲ್ಲ ಮಾವ, ಇನ್ನೂರ ಎಂಬತ್ತೇಳೇ ಇವೆ" ಎಂದು ಪಿಸುಗುಟ್ಟಿದರಂತೆ. ಅಪ್ಪ ಕುರ್ಚಿಯವನನ್ನು ಹಿಡಿದು ಬೆವರಿಳಿಸಿ ಉಳಿದ ಹದಿಮೂರನ್ನೂ ತರಿಸಿದರು. ಅವತ್ತಿನಿಂದ ಅಳಿಯನೆಂದರೆ ಅವರಿಗೆ ಪಂಚಪ್ರಾಣ. ಮಗನಾದ ನಾನು ಯಾವ ಲೆಕ್ಕಕ್ಕೂ ಇಲ್ಲ ಎಂಬ ಸಿಟ್ಟು ನನ್ನಲ್ಲಿ ಹುಟ್ಟಿದ್ದು ಬಹುಶಃ ಆಗಲೇ.

ಈ ಎಣಿಕೆ ಅವರಿಗೆ ಅಪ್ಪನಿಂದ ಬಂದದ್ದು. ಅವರ ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ಒಂದು ಕಣ್ಣಿಗೆ ಭೂತಕನ್ನಡಿ ಸಿಕ್ಕಿಸಿಕೊಂಡು ಸಾಸಿವೆ ಕಾಳಿನಷ್ಟು ಸ್ಕ್ರೂಗಳನ್ನು ಲೆಕ್ಕವಿಟ್ಟು ಬಿಚ್ಚಿ ಲೆಕ್ಕವಿಟ್ಟು ಸೇರಿಸುತ್ತಿದ್ದ ಮನುಷ್ಯ. ಅರವತ್ತು ತುಂಬುವ ಹೊತ್ತಿಗೆ ಅವರಿಗೆ ಮರೆವು ಹಿಡಿಯಿತು. ಮೊದಲು ಲೆಕ್ಕ ತಪ್ಪಿತು, ಆಮೇಲೆ ಅಂಗಡಿಯ ಬೀಗದ ಕೈ ಎಲ್ಲಿಟ್ಟೆ ಎಂಬುದು ಹೋಯಿತು, ಆಮೇಲೆ ಮನೆಯ ದಾರಿಯೇ ಹೋಯಿತು. ಯಾರು ಯಾರೋ ಕೈಹಿಡಿದು ತಂದು ಬಾಗಿಲಲ್ಲಿ ಬಿಟ್ಟುಹೋಗುತ್ತಿದ್ದರು. ಕೊನೆಗೆ ಒಂದು ದಿನ ಭಾವನನ್ನೇ ನೋಡಿ, "ತಾವು ಯಾರ ಮಗ?" ಎಂದು ಬಹಳ ಮರ್ಯಾದೆಯಿಂದ ಕೇಳಿದರಂತೆ. ಇದನ್ನು ಭಾವ ನನಗೆ ಒಂದೇ ಒಂದು ಸಲ, ಯಾವುದೋ ಗಾಡಿಯ ಕೆಳಗೆ ಇಬ್ಬರೂ ಮಲಗಿ ಕೆಲಸ ಮಾಡುತ್ತಿದ್ದಾಗ ಹೇಳಿದ್ದರು. ನನ್ನ ಮುಖ ಕಾಣದ ಜಾಗವೆಂದೇ ಹೇಳಿರಬೇಕು. "ನನಗೆ ಸಾವಿನ ಭಯ ಇಲ್ಲ ನೋಡು, ಅದೊಂದರ ಭಯ ಇದೆ" ಎಂದರು. ಅವರಿಗೀಗ ಐವತ್ತೆಂಟು.

ಇನ್ನು ಕೆಂಪು ಬಟ್ಟೆಯ ವಿಷಯ. ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯನ್ನು ಬಿಚ್ಚಿದಾಗ ಎಂಜಿನ್ನಿನ ಬಾಯಿ ತೆರೆದುಕೊಳ್ಳುತ್ತದೆ. ಅದರೊಳಗೆ ಒಂದು ವಾಷರ್ ಬಿದ್ದರೂ ಕಥೆ ಮುಗಿಯಿತು. ಅದಕ್ಕೇ ಆ ಬಾಯಿಗೆ ಬಟ್ಟೆ ತುರುಕುತ್ತೇವೆ. ಆದರೆ ತುರುಕಿದ ಬಟ್ಟೆಯನ್ನು ತೆಗೆಯಲು ಮರೆತರೆ ಅದು ವಾಷರಿನ ಅಪ್ಪ. ಆದ್ದರಿಂದ ಭಾವ ಒಂದು ಕಟ್ಟಳೆ ಮಾಡಿದ್ದರು. ಒರೆಸುವ ಬಟ್ಟೆ ಬೇರೆ, ತುರುಕುವ ಬಟ್ಟೆ ಬೇರೆ. ತುರುಕುವುದು ಕೆಂಪು. ಒಟ್ಟು ಹತ್ತು, ಅಕ್ಕನೇ ಮೆಷಿನ್ನಿನಲ್ಲಿ ಅಂಚು ಹೊಲಿದುಕೊಟ್ಟವು. ತುರುಕಿದರೆ ಒಂದು ಗೇಣು ಬಾಲ ಹೊರಗೆ ನೇತಾಡಬೇಕು. ಬಾನೆಟ್ ಮುಚ್ಚುವ ಮೊದಲು ಗೋಡೆಯ ಮೊಳೆಯಲ್ಲಿ ಹತ್ತೂ ಇವೆಯೇ ಎಂದು ಎಣಿಸಬೇಕು, ಇಲ್ಲದಿದ್ದರೆ ಮುಚ್ಚುವಂತಿಲ್ಲ. ಹದಿನೇಳು ವರ್ಷದಲ್ಲಿ ನಮ್ಮ ಗ್ಯಾರೇಜಿನ ಒಂದು ಎಂಜಿನ್ನೂ ಬಟ್ಟೆ ನುಂಗಿರಲಿಲ್ಲ.

ಹೋದ ವರ್ಷ ಗ್ಯಾರೇಜಿನ ಯಜಮಾನರು ನನ್ನನ್ನು ಹೆಡ್ ಮೆಕ್ಯಾನಿಕ್ ಮಾಡಿದರು. ಭಾವನಿಗೇ ಸಿಗಬೇಕಿದ್ದದ್ದು. ಅವರು ಗಿರಾಕಿಗಳ ಹತ್ತಿರ ನಾಲ್ಕು ಮಾತು ಆಡಲಾರರು, ನಾನು ನಲವತ್ತು ಆಡುತ್ತೇನೆ, ಅಷ್ಟೇ ವ್ಯತ್ಯಾಸ. "ಒಳ್ಳೇದಾಯ್ತು ಬಿಡು, ನನಗೆ ತಲೆನೋವು ತಪ್ತು" ಎಂದು ಭಾವ ಬೆನ್ನು ತಟ್ಟಿದರು. ನಾನು ಮಾತ್ರ ಅವರೆದುರು ಇಲ್ಲದ ಗತ್ತು ತೋರಿಸಲು ಶುರುಮಾಡಿದೆ.

ಆ ಹಲ್ಲಿನ ಡಾಕ್ಟರು ಬಂದದ್ದು ಹೀಗಿರುವಾಗ. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತೆ ಓಡುವ ನೀಲಿ ಸ್ಪೋರ್ಟ್ಸ್ ಕಾರು ಅವರದು. ಕಂಪನಿಯವರು ಕೊಟ್ಟ ಗಾಳಿ ಪೆಟ್ಟಿಗೆ ತೆಗೆದು, ಹೊರಗಿನಿಂದ ತರಿಸಿದ ದಪ್ಪ ಕೊಳವೆ ಮತ್ತು ಶಂಕುವಿನಾಕಾರದ ದೊಡ್ಡ ಫಿಲ್ಟರ್ ಹಾಕಿಸಬೇಕಿತ್ತು. ಹಾಗೆ ಮಾಡಿದರೆ ಎಂಜಿನ್ ಸಲೀಸಾಗಿ ಉಸಿರಾಡುತ್ತದೆ, ಶಕ್ತಿ ಒಂದಿಷ್ಟು ಏರುತ್ತದೆ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಏರುವುದು ಸದ್ದು. ಡಾಕ್ಟರಿಗೆ ಬೇಕಾಗಿದ್ದೂ ಅದೇ. "ಇಡೀ ದಿನ ಆ ಡ್ರಿಲ್ಲಿನ ಕುಯ್ಯೋ ಸದ್ದು ಕೇಳ್ತೀನಪ್ಪ, ಸಂಜೆಯಾದ್ರೂ ಕಿವಿಗೆ ಹಬ್ಬ ಆಗ್ಲಿ" ಎಂದರು. ಅವರದೊಂದು ಗೆಳೆಯರ ಗುಂಪಿತ್ತು, ಎಲ್ಲರ ಬಳಿಯೂ ಇಂಥವೇ ಕಾರು. ಕೆಲಸ ನಡೆಯುವುದನ್ನು ಮೊಬೈಲಿನಲ್ಲಿ ತೆಗೆದು ಅವರಿಗೆಲ್ಲ ತೋರಿಸುತ್ತೇನೆ ಎಂದಾಗ ನಾನು ಕೈ ತೊಳೆದು, ಕೂದಲು ಬಾಚಿಕೊಂಡು ಬಂದೆ.

ಬ್ಯಾಟರಿಯ ತಂತಿ ಕಳಚಿ, ಹಳೆಯ ಪೆಟ್ಟಿಗೆಯನ್ನು ಎತ್ತಿ ಹೊರಗಿಟ್ಟೆ. ಗಾಳಿ ಅಳೆಯುವ ಪುಟ್ಟ ಸೆನ್ಸರನ್ನು ಹಳೆಯ ಪೆಟ್ಟಿಗೆಯಿಂದ ಬಿಡಿಸಿ ಹೊಸ ಕೊಳವೆಗೆ ಕೂರಿಸುವ ಕೆಲಸ ನಾಜೂಕಿನದು. ಅದನ್ನು ಭಾವ ಮಾಡಿದರು. ಎಂಜಿನ್ನಿನ ಬಾಯಿಗೆ ನಾನು ಕೆಂಪು ಬಟ್ಟೆ ತುರುಕಿದೆ, ಬಾಲ ಹೊರಗೆ ಬಿಟ್ಟೆ. ಮೊಬೈಲ್ ಹಿಡಿದಿದ್ದ ಡಾಕ್ಟರು ಮುಖ ಸಿಂಡರಿಸಿ, "ಆ ಚಿಂದಿ ಕಾಣ್ತಾ ಇದೆಯಲ್ಲ, ಒಳಗೆ ತಳ್ಳಬಹುದಾ?" ಎಂದರು. ನಾನು ಬೆರಳಿನಿಂದ ಬಾಲವನ್ನೂ ಒಳಗೆ ತಳ್ಳಿದೆ. ಹದಿನೇಳು ವರ್ಷದ ಕಟ್ಟಳೆ ಮುರಿಯಲು ಹಿಡಿದದ್ದು ಅಷ್ಟೇ ಹೊತ್ತು.

ಆಮೇಲೆ ನಾನು ಮೊಬೈಲಿಗೆ ಪಾಠ ಹೇಳುತ್ತಾ ಹೋದೆ. ಇದು ಬಿಸಿ ತಡೆಯುವ ತಗಡು, ಇದು ರಬ್ಬರ್ ಜೋಡಣೆ, ಈ ಕ್ಲ್ಯಾಂಪನ್ನು ಇಷ್ಟೇ ಬಿಗಿಯಬೇಕು, ಹೆಚ್ಚಾದರೆ ರಬ್ಬರ್ ಕತ್ತರಿಸುತ್ತದೆ. ಮಾತಿನ ಭರಾಟೆಯಲ್ಲಿ ಕೊಳವೆಯನ್ನು ಕೂರಿಸಿ ಬಿಗಿದೇಬಿಟ್ಟೆ. ಭಾವ ಅಷ್ಟು ಹೊತ್ತಿಗೆ ಗೋಡೆಯ ಹತ್ತಿರ ನಿಂತಿದ್ದರು.

"ಒಂದು ಕಮ್ಮಿ ಇದೆ. ಒಂಬತ್ತೇ ಇವೆ. ಬಾನೆಟ್ ಮುಚ್ಚಬೇಡ" ಎಂದರು.

ಡಾಕ್ಟರು ಮೊಬೈಲನ್ನು ಅವರ ಕಡೆ ತಿರುಗಿಸಿದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

"ಹತ್ತೂ ಅಲ್ಲೇ ಇರ್ತಾವೆ, ಸರಿಯಾಗಿ ನೋಡಿ ಭಾವ. ಇದೇನು ಗ್ಯಾರೇಜಾ ಲಾಂಡ್ರಿಯಾ?"

ಡಾಕ್ಟರು ಹೊಟ್ಟೆ ಹಿಡಿದು ನಕ್ಕರು. ಅವರು ನಕ್ಕರೆಂದು ನಾನೂ ನಕ್ಕೆ. ಭಾವ ಇನ್ನೊಂದು ಸಲ ಎಣಿಸಿ, ತುಟಿ ಕಚ್ಚಿಕೊಂಡು, ಈ ಕಾರಿನಲ್ಲಿ ಬಾಲ ಕಾಣದ್ದರಿಂದ ಬೇರೆ ಗಾಡಿಗಳ ಕೆಳಗೆ ಬಗ್ಗಿ ಬಗ್ಗಿ ಹುಡುಕಲು ಹೋದರು. ನಾನು ಕೀಲಿ ತಿರುಗಿಸಿದೆ. ಎಂಜಿನ್ ಶುರುವಾಯಿತು. ಸದ್ದು ಗಂಟಲು ಕಟ್ಟಿದಂತಿತ್ತು. ನನ್ನ ಕಿವಿಗೆ ಅದು ಬಿದ್ದಿತ್ತು, ಸುಳ್ಳೇಕೆ ಹೇಳಲಿ. ಹೊಸ ಫಿಲ್ಟರಲ್ಲವೇ, ಹೀಗೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಬಾನೆಟ್ ಮುಚ್ಚಿದೆ.

ಅರ್ಧ ಗಂಟೆಯೊಳಗೆ ಕಾರು ಇನ್ನೊಂದು ಗಾಡಿಯ ಬೆನ್ನೇರಿ ವಾಪಸ್ ಬಂತು. ಮೇಲ್ಸೇತುವೆಯ ನಡುವೆ ಡಾಕ್ಟರು ಜೋರಾಗಿ ತುಳಿದಿದ್ದಾರೆ, ಎಂಜಿನ್ ಉಸಿರುಕಟ್ಟಿ ನಿಂತುಬಿಟ್ಟಿದೆ. ಹಿಂದೆ ಬರುತ್ತಿದ್ದ ಲಾರಿಯವನು ಹೇಗೋ ಬ್ರೇಕ್ ಹಾಕಿದ್ದರಿಂದ ಬಚಾವು. ಯಜಮಾನರು ಡಾಕ್ಟರನ್ನು ತಮ್ಮ ಗಾಜಿನ ಕೋಣೆಗೆ ಕರೆದೊಯ್ದು ನೀರು ಕೊಟ್ಟರು. ನಾನು ಒಬ್ಬನೇ ಬಾನೆಟ್ ಎತ್ತಿ, ಕ್ಲ್ಯಾಂಪ್ ಸಡಿಲಿಸಿ, ಕೊಳವೆ ಎಳೆದೆ. ಕೆಂಪು ಬಟ್ಟೆ ಅಲ್ಲಿ ಮುದ್ದೆಯಾಗಿ ಕೂತಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ, ಬಟ್ಟೆಯ ಅಂಚು ಮಾತ್ರ ಹರಿದಿತ್ತು. ಅತ್ತ ಇತ್ತ ನೋಡಿ ಅದನ್ನು ಪ್ಯಾಂಟಿನ ಜೇಬಿಗೆ ತುರುಕಿದೆ.

"ಏನಾಗಿತ್ತು?" ಎಂದು ಯಜಮಾನರು ಕೇಳಿದರು.

"ಸೆನ್ಸರಿನ ಪ್ಲಗ್ ಸರಿಯಾಗಿ ಕೂತಿರ್ಲಿಲ್ಲ" ಎಂದೆ.

ಪ್ಲಗ್ ಹಾಕಿದವರು ಯಾರೆಂದು ಎಲ್ಲರಿಗೂ ಗೊತ್ತು. ಮೊಬೈಲಿನಲ್ಲೂ ಇತ್ತು. ಭಾವ ಬೇರೊಂದು ಕಾರಿನ ಕೆಳಗಿಂದ ಎದ್ದು ಬಂದರು, ಮೊಣಕಾಲಿಗೆ ಎಣ್ಣೆ ಮೆತ್ತಿಕೊಂಡಿತ್ತು. ಇನ್ನೂ ಆ ಬಟ್ಟೆಯನ್ನೇ ಹುಡುಕುತ್ತಿದ್ದರು ಪಾಪ.

"ಟಕ್ ಅಂತ ಕೇಳಿಸ್ತಲ್ಲ ನನಗೆ" ಎಂದರು. "ಕೂರಿಸಿದಾಗ ಟಕ್ ಅಂದಿತ್ತು."

"ಕೇಳಿಸಿದ ಹಾಗೆ ಅನ್ನಿಸಿರ್ಬೇಕು ಭಾವ" ಎಂದೆ.

ಇಷ್ಟಕ್ಕೇ ನಿಲ್ಲಿಸಿದ್ದರೂ ನಾನು ಬರೀ ಸುಳ್ಳನಾಗಿ ಉಳಿಯುತ್ತಿದ್ದೆ. ಬಟ್ಟೆಯನ್ನು ಮನೆಗೆ ಒಯ್ದು, ಸೋಪು ಹಾಕಿ ತಿಕ್ಕಿ, ಜೋಲುತ್ತಿದ್ದ ನೂಲನ್ನು ಕತ್ತರಿಸಿ, ಫ್ಯಾನಿನ ಕೆಳಗೆ ಒಣಗಿಸಿದೆ. ಮರುದಿನ ಎಲ್ಲರಿಗಿಂತ ಮೊದಲು ಬಂದು ಮೊಳೆಯಲ್ಲಿ, ಉಳಿದ ಬಟ್ಟೆಗಳ ನಡುವೆ ಸಿಕ್ಕಿಸಿದೆ. ಕೆಲಸ ಅಚ್ಚುಕಟ್ಟಾಯಿತು ಎಂದುಕೊಂಡೆ. ಯಾರ ಕೈಯಿಂದ ಏನು ಕಿತ್ತುಕೊಳ್ಳುತ್ತಿದ್ದೇನೆ ಎಂಬ ಪರಿವೆಯೇ ನನಗಿರಲಿಲ್ಲ.

ಭಾವ ಬಂದವರೇ ಅಂಗಿ ಬದಲಾಯಿಸುವ ಮೊದಲು ಮೊಳೆಯ ಹತ್ತಿರ ಹೋದರು. ಬೆರಳಿನಿಂದ ಒಂದೊಂದನ್ನೇ ಸರಿಸುತ್ತಾ ಎಣಿಸಿದರು. ಹತ್ತು. ಕೆಳಗಿಳಿಸಿ ಬೆಂಚಿನ ಮೇಲೆ ಹರಡಿ ಎಣಿಸಿದರು. ಹತ್ತು. ಅವರು ನನ್ನ ಮೇಲೆ ಅನುಮಾನ ಪಡುತ್ತಾರೆಂದು ನಾನು ಮೈಯೆಲ್ಲ ಬಿಗಿಹಿಡಿದು ನಿಂತಿದ್ದೆ. ತಿರುಗಿಸಿ ಬೈಯಲು ನಾಲ್ಕು ಮಾತು ಕೂಡ ತಯಾರಿಟ್ಟುಕೊಂಡಿದ್ದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಮ್ಮ ಕೈಬೆರಳುಗಳನ್ನೇ ನೋಡುತ್ತಾ ನಿಂತರು.

"ಹೌದಲ್ಲ, ಹತ್ತೇ ಇವೆ" ಎಂದರು ಮೆಲ್ಲಗೆ.

ಅವತ್ತಿನಿಂದ ಭಾವ ಭಾವನಾಗಿ ಉಳಿಯಲಿಲ್ಲ. ಆರು ಬೋಲ್ಟುಗಳನ್ನು ಮೂರು ಸಲ ಎಣಿಸಿ, ಬಿಗಿದದ್ದನ್ನು ಬಿಚ್ಚಿ ಮತ್ತೆ ಬಿಗಿದರು. ಒಂದು ಗಂಟೆಯ ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ಪ್ಲಗ್ ಹಾಕಿದಾಗಲೆಲ್ಲ ಪಕ್ಕದವರನ್ನು ಕರೆದು, "ಟಕ್ ಅಂತಾ? ನಿನಗೂ ಕೇಳಿಸ್ತಾ?" ಎಂದು ಕೇಳಿದರು. ಹುಡುಗಾಟಕ್ಕೆ ಕೆಲವರು "ಇಲ್ಲ ಮಾಮ" ಎನ್ನುವರು. ಅದನ್ನೂ ನಂಬಿ ಮತ್ತೆ ಹಾಕುವರು. ಎಲ್ಲಕ್ಕಿಂತ ನನಗೆ ಸಹಿಸಲಾಗದ್ದು ಸಂಜೆಯ ಹೊತ್ತು. ಬಟ್ಟೆ ಎಣಿಸಿ ಮುಗಿಸಿ, ನನ್ನ ಹತ್ತಿರ ಬಂದು ನಿಲ್ಲುತ್ತಿದ್ದರು.

"ನೀನೊಂದ್ಸಲ ನೋಡಿಬಿಡು. ಹತ್ತೇ ತಾನೇ?"

"ಹತ್ತೇ ಭಾವ."

"ನೀನು ಹೇಳಿದ್ರೆ ಸರಿ ಬಿಡು" ಎಂದು ಟಿಫಿನ್ ಡಬ್ಬಿ ಎತ್ತಿಕೊಂಡು ಹೊರಡುತ್ತಿದ್ದರು.

ಮೂರು ವಾರ ಹೀಗೆ ನಡೆಯಿತು. ಪ್ರತಿ ಸಂಜೆ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುವುದು, ಪ್ರತಿ ಸಂಜೆ ನಾಲಿಗೆ ಹೊರಳದೆ ನಿಲ್ಲುವುದು. ನಡುವೆ ಒಂದು ಭಾನುವಾರ ಅಕ್ಕ ಬಟ್ಟೆಗಳನ್ನು ಒಗೆಯಲು ಒಯ್ದವಳು, ಹರಿದ ಅಂಚನ್ನು ಮತ್ತೆ ಹೊಲಿದು ಕಳಿಸಿದಳು. ಅದು ಹೇಗೆ ಹರಿಯಿತೆಂದು ಕೇಳಲಿಲ್ಲ. ಬೇರೆ ಒಂದು ಕೇಳಿದಳು, ಫೋನಿನಲ್ಲಿ, ದನಿ ತಗ್ಗಿಸಿ.

"ನಿನ್ನ ಭಾವ ಯಾಕೋ ಸರಿಯಿಲ್ಲ ಕಣೋ. ಗ್ಯಾಸ್ ಆರಿಸಿದ್ದೀನಾ ಅಂತ ಎದ್ದೆದ್ದು ಹೋಗಿ ನೋಡ್ತಾರೆ. ನಿನ್ನೆ ಮಕ್ಕಳ ಹುಟ್ಟಿದ ದಿನ ಎಲ್ಲ ಹೇಳಿ, ಸರಿಯಾಗಿದೆಯಾ ಅಂತ ಕೇಳಿದ್ರು. ಕೆಲಸದಲ್ಲಿ ಹೇಗಿದ್ದಾರೆ? ನಿಜ ಹೇಳು, ನೀನು ದಿನಾ ನೋಡ್ತೀಯಲ್ಲ."

ಆಗಲಾದರೂ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಇದು: "ವಯಸ್ಸಾಯ್ತಲ್ಲ ಅಕ್ಕ."

ಅವಳು "ಹೂಂ" ಎಂದು ಫೋನ್ ಇಟ್ಟಳು. ನಾನು ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳುವ ಹಾಗಿದ್ದರೆ ಆವತ್ತು ಉಗಿದುಕೊಳ್ಳುತ್ತಿದ್ದೆ. ಹೆಂಡತಿ "ಏನಂತೆ?" ಎಂದಳು. ಅವಳ ಮೇಲೆ ರೇಗಿದೆ.

ನಾಲ್ಕನೇ ವಾರದ ಸೋಮವಾರ ಬೆಳಿಗ್ಗೆ ಭಾವ ಗಾಜಿನ ಕೋಣೆಗೆ ಹೋಗಿ ಯಜಮಾನರ ಎದುರು ನಿಂತರು. ಅವರು ಸಾಮಾನ್ಯವಾಗಿ ಆ ಕೋಣೆಗೆ ಕಾಲಿಡುವವರಲ್ಲ. ನಾನು ಬಾಗಿಲ ಬಳಿ ಬಿಡಿಭಾಗದ ಪಟ್ಟಿ ಹಿಡಿದು ನಿಂತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ನನ್ನನ್ನ ಎಂಜಿನ್ ಕೆಲಸದಿಂದ ಬಿಡಿಸಿಬಿಡಿ ಯಜಮಾನ್ರೇ. ಗಾಡಿ ತೊಳೆಯೋ ಕಡೆ ಹಾಕಿ. ಅದಾದ್ರೆ ತಪ್ಪು ಮಾಡಿದ್ರೂ ಯಾರ ಜೀವಕ್ಕೂ ತೊಂದರೆ ಇಲ್ಲ."

"ಯಾಕಪ್ಪ? ಒಂದು ಪ್ಲಗ್ ತಾನೇ? ಮರೆತುಬಿಡು ಅದನ್ನ."

"ಪ್ಲಗ್ ಒಂದೇ ಅಲ್ಲ" ಎಂದರು ಭಾವ. "ಇಲ್ಲದ್ದು ಇದ್ದ ಹಾಗೆ, ಇದ್ದದ್ದು ಇಲ್ಲದ ಹಾಗೆ ಕಾಣೋಕೆ ಶುರುವಾಗಿದೆ ನನಗೆ. ನಮ್ಮಪ್ಪನಿಗೂ ಮೊದಲು ಲೆಕ್ಕವೇ ತಪ್ಪಿದ್ದು."

ಅವರ ದನಿ ಕೊನೆಯಲ್ಲಿ ಒಡೆಯಿತು. ಮೂವತ್ತು ವರ್ಷದಲ್ಲಿ ಅವರ ದನಿ ಒಡೆದದ್ದನ್ನು ನಾನು ಕೇಳಿರಲಿಲ್ಲ. ಕೈಯಲ್ಲಿದ್ದ ಪಟ್ಟಿಯನ್ನು ಎಲ್ಲಿ ಹಾಕಿದೆನೋ ತಿಳಿಯದು, ಒಳಗೆ ನುಗ್ಗಿದೆ.

"ಒಂಬತ್ತೇ ಇದ್ದದ್ದು ಭಾವ" ಎಂದೆ.

ಇಬ್ಬರೂ ನನ್ನನ್ನು ನೋಡಿದರು.

"ನೀವು ಎಣಿಸಿದ್ದೇ ಸರಿ. ಹತ್ತನೇದು ಕಾರೊಳಗಿತ್ತು. ನಾನು ತುರುಕಿದ್ದು, ನಾನೇ ಮರೆತದ್ದು. ನಾನೇ ತೆಗೆದು, ಒಗೆದು, ಬೆಳಿಗ್ಗೆ ಮೊಳೆಗೆ ಸಿಕ್ಕಿಸಿದೆ. ಪ್ಲಗ್ ಸರಿಯಾಗೇ ಇತ್ತು. ಟಕ್ ಅಂದಿತ್ತು."

ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. ಅವರು ನನಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ, ಆದರೆ ಅದರಲ್ಲಿ ಒಂದೂ ಹೆಚ್ಚಾಗಿರಲಿಲ್ಲ. ಹೆಡ್ ಮೆಕ್ಯಾನಿಕ್ ಕೆಲಸ ಅಲ್ಲೇ ಹೋಯಿತು. ಹಲ್ಲಿನ ಡಾಕ್ಟರಿಗೆ ನನ್ನ ಕೈಯಿಂದಲೇ ಫೋನ್ ಮಾಡಿಸಿ ಹೇಳಿಸಿದರು. ಡಾಕ್ಟರು ಪೂರ್ತಿ ಕೇಳಿ, "ಆ ಲಾರಿಯ ಹಾರ್ನ್ ಇನ್ನೂ ನನ್ನ ಕಿವಿಯಲ್ಲಿದೆ" ಎಂದಷ್ಟೇ ಹೇಳಿ ಫೋನ್ ಕತ್ತರಿಸಿದರು.

ಆದರೆ ಭಾವ ಬೈಯಲಿಲ್ಲ. ಅವರು ನನ್ನ ತೋಳು ಹಿಡಿದುಕೊಂಡಿದ್ದರು.

"ಇನ್ನೊಂದ್ಸಲ ಹೇಳು. ಒಂಬತ್ತಾ?"

"ಒಂಬತ್ತೇ."

"ನನ್ನನ್ನ ಸಮಾಧಾನ ಮಾಡೋಕೆ ಹೇಳ್ತಾ ಇಲ್ಲ ತಾನೇ?"

"ಇಲ್ಲ ಭಾವ. ಅಕ್ಕ ಅಂಚು ಹೊಲಿದಳಲ್ಲ, ಅದೇ ಬಟ್ಟೆ. ಹೋಗಿ ನೋಡಿ."

ಅವರು ಹೋಗಿ ನೋಡಿದರು. ಹೊಸ ನೂಲಿನ ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ ಅಲ್ಲೇ ಟೈರಿನ ಮೇಲೆ ಕೂತು, ಮುಖ ಮುಚ್ಚಿಕೊಂಡು ಅತ್ತರು, ಅಳುತ್ತಲೇ ನಕ್ಕರು. "ಹೊಟ್ಟೆಗೆ ಹಾಲು ಹೊಯ್ದೆಯಪ್ಪ" ಎಂದರು ನನಗೆ. ನನಗೆ! ಕಪಾಳಕ್ಕೆ ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಸುತ್ತ ನಿಂತವರು ಯಾರೂ ನನ್ನ ಮುಖ ನೋಡಲಿಲ್ಲ. ನಾನು ಹಿಡಿಯಷ್ಟಾಗಿ ಹೋದೆ.

ಸಂಜೆ ನನ್ನನ್ನು ಬಿಡದೆ ಮನೆಗೆ ಕರೆದುಕೊಂಡು ಹೋದರು. "ನಿನ್ನಕ್ಕನಿಗೆ ನೀನೇ ಹೇಳು, ನಾನು ಹೇಳಿದ್ರೆ ನಂಬಲ್ಲ" ಎಂದರು. ಹುಡುಗನಂತೆ ದಾಪುಗಾಲು ಹಾಕುತ್ತಾ, ದಾರಿಯಲ್ಲಿ ಸಿಕ್ಕ ಲೈಟು ಕಂಬಗಳನ್ನು ಗಟ್ಟಿಯಾಗಿ ಎಣಿಸುತ್ತಾ ಮುಂದೆ ಹೋದರು. ನಾನು ಹಿಂದೆ. ಅಡುಗೆಮನೆಯಲ್ಲಿ ಅಕ್ಕ ಒಲೆಯ ಮುಂದೆ ನಿಂತಿದ್ದಳು. ನಾನು ನೆಲ ನೋಡುತ್ತಾ ಎಲ್ಲವನ್ನೂ ಹೇಳಿದೆ, ಫೋನಿನಲ್ಲಿ ಅವಳಿಗೆ ಹೇಳಿದ "ವಯಸ್ಸಾಯ್ತಲ್ಲ" ಎಂಬುದನ್ನೂ ಬಿಡದೆ.

ಭಾವ, "ಹೋಗ್ಲಿ ಬಿಡೇ, ಹೇಳಿದನಲ್ಲ ಈಗ! ತಲೆ ನೆಟ್ಟಗಿದೆ ನಂದು, ಅಷ್ಟು ಸಾಕು" ಎನ್ನುತ್ತಾ ಸ್ನಾನಕ್ಕೆ ಹೋದರು. ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಕೇಳಿಸಿತು.

ಅಕ್ಕ ಒಲೆ ಆರಿಸಿದಳು. ಬೈಯುತ್ತಾಳೆಂದು ಕಾದೆ. ಅವಳು ಮೇಲಿನ ಹಲಗೆಯ ಡಬ್ಬಿಯೊಂದರ ಹಿಂದಿನಿಂದ ಮಡಚಿದ ಕಾಗದ ತೆಗೆದಳು.

"ಹೋದ ವಾರ ಅಂಗಿ ನೆನೆಹಾಕುವಾಗ ಜೇಬಲ್ಲಿ ಸಿಕ್ತು. ಇದು ನೆನೆದದ್ದಕ್ಕೆ ಇನ್ನೊಂದು ಬರೆದಿಟ್ಟುಕೊಂಡಿದ್ದಾರೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಓದು."

ಶಾಯಿ ಅಲ್ಲಲ್ಲಿ ಹರಡಿತ್ತು. ಆದರೂ ಅವರ ದುಂಡು ಅಕ್ಷರ ಓದಲು ಬರುತ್ತಿತ್ತು. ಮೇಲೆ ಅವರ ಹೆಸರು, ಮನೆಯ ವಿಳಾಸ. ಕೆಳಗೆ: "ನನಗೆ ಮರೆವಿನ ಕಾಯಿಲೆ ಇದೆ. ನಾನು ದಾರಿ ತಪ್ಪಿದ್ದರೆ ಬೈಯಬೇಡಿ. ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ. ಅವನು ನನ್ನ ಹೆಂಡತಿಯ ತಮ್ಮ. ಎಲ್ಲಿದ್ದರೂ ಬಂದು ಕರೆದುಕೊಂಡು ಹೋಗುತ್ತಾನೆ."

ನಂಬರ್ ನನ್ನದು. ಅಂಕಿಗಳು ಅಳಿಸಿಹೋಗದಿರಲೆಂದು ಪೆನ್ನನ್ನು ಎರಡೆರಡು ಸಲ ಒತ್ತಿ ಬರೆದಿದ್ದರು.

ನಾನು ಕಾಗದ ಹಿಡಿದು ನಿಂತೇ ಇದ್ದೆ. ಬಚ್ಚಲಿನಿಂದ ಭಾವ ಕೂಗಿ ಕೇಳಿದರು, "ಅವನಿಗೆ ಊಟಕ್ಕೆ ಹಾಕಿದೆಯೇನೇ? ಹಾಗೇ ಕಳಿಸಬೇಡ."

ಅಕ್ಕ ತಟ್ಟೆ ತೆಗೆದು ನನ್ನ ಮುಂದಿಟ್ಟು, ನನ್ನ ಮುಖ ನೋಡದೆ ಬಡಿಸಿದಳು.